ಬಸ್ಸು ಹೊರಡುವ ಮೊದಲು ಎರಡು ಸಲ ಎಣಿಸಿ

ಓದುಗರ ಪ್ರಶ್ನೆ, ನಮ್ಮ ಉತ್ತರ: ಶಾಲಾ ಪ್ರವಾಸದಲ್ಲಿ ಮಕ್ಕಳ ಜೊತೆ ಹೋಗುವ ದೊಡ್ಡವರಿಗೆ

ದೀಪಾವಳಿ ಕಳೆದು ಚಳಿ ಬಿತ್ತೆಂದರೆ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಜೊತೆ ಹೋಗಲಿರುವ ಶಿಕ್ಷಕರದ್ದು ಮತ್ತು ತಂದೆ ತಾಯಂದಿರದ್ದು. ಒಂದರಿಂದ ಏಳನೇ ತರಗತಿವರೆಗಿನ ಮಕ್ಕಳ ವಿಷಯ ಕೇಳಿದವನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನ ಮಗನ ಮೂರನೇ ಕ್ಲಾಸಿನಿಂದ ಮೈಸೂರಿಗೆ ಒಂದು ದಿನದ ಪ್ರವಾಸ ಇದೆ. ಮೃಗಾಲಯ, ಅರಮನೆ ನೋಡಿ ಸಂಜೆ ವಾಪಸ್. 42 ಮಕ್ಕಳು, ಇಬ್ಬರು ಮಿಸ್, ನಾವು ಮೂವರು ಪಾಲಕರು. "ನೀವು ಸುಮ್ಮನೆ ಜೊತೆಗಿದ್ದರೆ ಸಾಕು" ಅಂದಿದ್ದಾರೆ. ನಿಜವಾಗಿ ನನ್ನ ಕೆಲಸ ಏನು? (ಒಬ್ಬ ತಾಯಿ, ಚನ್ನರಾಯಪಟ್ಟಣ)

ಉತ್ತರ: "ಸುಮ್ಮನೆ ಜೊತೆಗಿರಿ" ಎಂಬ ಮಾತನ್ನು ಒಪ್ಪಿಕೊಳ್ಳಬೇಡಿ. ಐದು ಜನ ದೊಡ್ಡವರು ಸೇರಿ 42 ಮಕ್ಕಳನ್ನು ನೋಡಿಕೊಳ್ಳುತ್ತೇವೆ ಅಂದುಕೊಂಡಾಗಲೇ ಮಗು ತಪ್ಪಿಸಿಕೊಳ್ಳುವುದು. ಅವರು ನೋಡುತ್ತಿದ್ದಾರೆ ಎಂದು ಇವರು, ಇವರು ನೋಡುತ್ತಿದ್ದಾರೆ ಎಂದು ಅವರು ನಿಂತಿರುತ್ತಾರೆ. ಪ್ರತಿ ಮಗುವೂ ಒಬ್ಬರ ಹೆಸರಿನ ಮುಂದೆ ಬರೆದಿರಬೇಕು. "ನನ್ನ ಮಕ್ಕಳು ಯಾರ್‍ಯಾರು? ಪಟ್ಟಿ ಕೊಡಿ" ಎಂದು ಹೊರಡುವ ಎರಡು ದಿನ ಮೊದಲೇ ಕೇಳಿ.

ಲೆಕ್ಕ ಹೀಗೆ ಹಾಕಿ. ದೊಡ್ಡವರಲ್ಲಿ ಒಬ್ಬರು, ಸಾಮಾನ್ಯವಾಗಿ ಹಿರಿಯ ಶಿಕ್ಷಕಿ, ಯಾವ ಗುಂಪಿಗೂ ಸೇರಬಾರದು. ಟಿಕೆಟ್, ಚಾಲಕ, ಫೋನು, ಹುಷಾರು ತಪ್ಪಿದ ಮಗು ಇವೆಲ್ಲ ಅವರ ಪಾಲು. ಉಳಿದ ನಾಲ್ವರಿಗೆ 42 ಮಕ್ಕಳನ್ನು ಹಂಚಿದರೆ ತಲೆಗೆ ಹತ್ತು ಹನ್ನೊಂದು. ಎಂಟು ವರ್ಷದ ಮಕ್ಕಳಿಗೆ ಇದು ಜಾಸ್ತಿಯಾಯಿತು. ಇನ್ನೊಬ್ಬ ಪಾಲಕರನ್ನು ಕರೆದುಕೊಳ್ಳಲು ಶಾಲೆಗೆ ಹೇಳಿ. ಆಗ ಎಂಟರ ಮೂರು ಗುಂಪು, ಒಂಬತ್ತರ ಎರಡು ಗುಂಪು ಆಗುತ್ತದೆ. ಒಂದನೇ, ಎರಡನೇ ತರಗತಿಯಾದರೆ ಒಬ್ಬರಿಗೆ ಆರು ಮಕ್ಕಳೇ ಸಾಕು. ಆರನೇ, ಏಳನೇ ತರಗತಿಗೆ ಹನ್ನೆರಡರವರೆಗೂ ಹೋಗಬಹುದು, ಆದರೆ ಹೆಣ್ಣುಮಕ್ಕಳಿದ್ದ ಮೇಲೆ ಶಿಕ್ಷಕಿಯರು ಇರಲೇಬೇಕು.

ನಿಮ್ಮ ಮಗನನ್ನು ಬೇರೆಯವರ ಗುಂಪಿಗೆ ಹಾಕಿಸಿ. ಇದು ಕೇಳಲು ಕಷ್ಟವಾದರೂ ಒಳ್ಳೆಯದು. ಸ್ವಂತ ಮಗು ಗುಂಪಿನಲ್ಲಿದ್ದರೆ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಅವನೂ ಅಮ್ಮನ ಸೆರಗು ಬಿಡದೆ ಗೆಳೆಯರ ಜೊತೆ ಬೆರೆಯುವುದಿಲ್ಲ.

ಬಸ್ಸು ಹತ್ತುವ ಮೊದಲು ನಿಮ್ಮ ಎಂಟು ಮಕ್ಕಳ ಹೆಸರು ಬಾಯಿಪಾಠವಾಗಿರಲಿ. "ಏ ಪುಟ್ಟ, ಬಾ ಇಲ್ಲಿ" ಎಂದರೆ ನಲವತ್ತು ಮಕ್ಕಳಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಯಾರು ಓಡುವವರು, ಯಾರು ಹಿಂದೆ ಉಳಿಯುವವರು, ಯಾರು ಬಾತ್‌ರೂಮಿಗೆ ಹೋಗಬೇಕೆಂದು ಬಾಯಿಬಿಟ್ಟು ಹೇಳದವರು ಎಂದು ಮಿಸ್ ಹತ್ತಿರ ಕೇಳಿಟ್ಟುಕೊಳ್ಳಿ. ಓಡುವವರನ್ನು ನಿಮ್ಮ ಕೈಯಳತೆಯಲ್ಲೇ ನಡೆಸಿ. ಗುಂಪಿನೊಳಗೆ ಇಬ್ಬಿಬ್ಬರನ್ನು ಜೋಡಿ ಮಾಡಿ. ಬೆಸ ಸಂಖ್ಯೆ ಬಂದರೆ ಮೂವರದು ಒಂದು ಜೋಡಿಯಾಗಲಿ, ಒಂಟಿ ಮಗುವನ್ನು ನೀವೇ ಹಿಡಿದುಕೊಳ್ಳುತ್ತೇನೆ ಅನ್ನಬೇಡಿ, ನಿಮ್ಮ ಕೈ ಖಾಲಿ ಇರಬೇಕು.

ನಡೆಯುವಾಗ ಸಾಲಿನ ಮುಂದೆ ಒಬ್ಬರು, ಕೊನೆಯಲ್ಲಿ ಒಬ್ಬರು. ಕೊನೆಯವರ ಹಿಂದೆ ಯಾವ ಮಗುವೂ ಇರಕೂಡದು. ಶೂ ಲೇಸ್ ಕಟ್ಟಿಕೊಳ್ಳಲು ಕೂತ ಮಗು ಹಿಂದೆ ಉಳಿಯುವುದು ಹೀಗೆಯೇ. ಹಾಗಾಗಿ ಒಂದು ಗುಂಪಿನವರು ನಿಂತರೆ ಇಡೀ ಸಾಲು ನಿಲ್ಲಬೇಕು.

ಇನ್ನು ಮೊಬೈಲು. ಮಕ್ಕಳ ಫೋಟೋ ತೆಗೆಯಲು ಒಬ್ಬರನ್ನು ಗೊತ್ತು ಮಾಡಿ, ಉಳಿದವರ ಫೋನು ಚೀಲದಲ್ಲಿರಲಿ.

ಪ್ರಶ್ನೆ: ಪ್ರತಿ ಸಲ ಎಣಿಸುತ್ತೇವೆ, ಆದರೂ ಲೆಕ್ಕ ತಪ್ಪುತ್ತದೆ. ಒಮ್ಮೆ 51 ಬಂದರೆ ಇನ್ನೊಮ್ಮೆ 53. ಎಣಿಸುವ ಸರಿಯಾದ ಕ್ರಮ ಯಾವುದು? (ಶಿಕ್ಷಕರು, ಗುಬ್ಬಿ ತಾಲ್ಲೂಕು)

ಉತ್ತರ: ಲೆಕ್ಕ ತಪ್ಪಲು ಮುಖ್ಯವಾಗಿ ನಾಲ್ಕು ಕಾರಣ. ಎಣಿಸುವಾಗ ಮಕ್ಕಳು ಓಡಾಡುತ್ತಿರುತ್ತಾರೆ. ಬಾಗಿಲಲ್ಲಿ ನಿಂತು ಎಣಿಸಿದರೆ ಹತ್ತಿದ ಮಗು ನೀರಿನ ಬಾಟಲಿಗೆಂದು ಇಳಿದು ಮತ್ತೆ ಹತ್ತುತ್ತದೆ, ಅದು ಎರಡಾಗುತ್ತದೆ. ಜೊತೆಗೆ ಬಂದ ಶಿಕ್ಷಕರ ಮಕ್ಕಳನ್ನು ಒಮ್ಮೆ ಸೇರಿಸುತ್ತೀರಿ, ಒಮ್ಮೆ ಬಿಡುತ್ತೀರಿ. ನಾಲ್ಕನೆಯದು ಎಲ್ಲಕ್ಕಿಂತ ಅಪಾಯದ್ದು: ಪಟ್ಟಿಯಲ್ಲಿ 52 ಎಂದಿದೆ, ಬೆಳಿಗ್ಗೆ ಇಬ್ಬರು ಬಂದಿಲ್ಲ, ಅದನ್ನು ಒಬ್ಬರಿಗೆ ಹೇಳಿ ಉಳಿದವರಿಗೆ ಹೇಳಿಲ್ಲ. ಮಧ್ಯಾಹ್ನ 50 ಬಂದಾಗ "ಹೌದು, ಬೆಳಿಗ್ಗೆ ಯಾರೋ ಬಂದಿರಲಿಲ್ಲ" ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಬೆಳಿಗ್ಗೆ ಬಾರದವರು ಒಬ್ಬರೇ ಆಗಿದ್ದು, ಇನ್ನೊಂದು ಮಗು ಹಿಂದಿನ ನಿಲುಗಡೆಯಲ್ಲಿ ಉಳಿದಿದ್ದರೆ?

ಆದ್ದರಿಂದ ಬಸ್ಸು ಶಾಲೆಯ ಗೇಟು ದಾಟುವ ಮೊದಲು ಹೆಸರು ಕರೆದು ಹಾಜರಿ ತೆಗೆದುಕೊಳ್ಳಿ. ಬಾರದವರ ಹೆಸರನ್ನು ಎಲ್ಲ ಪಟ್ಟಿಗಳಲ್ಲೂ ಹೊಡೆದು ಹಾಕಿ. ಹೊಸ ಸಂಖ್ಯೆಯನ್ನು ಎಲ್ಲ ದೊಡ್ಡವರೂ ಪೆನ್ನಿನಿಂದ ಅಂಗೈಯಲ್ಲಿ ಬರೆದುಕೊಳ್ಳಿ: ತಮ್ಮ ಗುಂಪಿನದು ಒಂದು, ಒಟ್ಟು ಒಂದು. ಶಿಕ್ಷಕರ ಮಕ್ಕಳು ಬಂದಿದ್ದರೆ ಅವರೂ ಯಾವುದಾದರೂ ಗುಂಪಿನ ಪಟ್ಟಿಯಲ್ಲಿ ಇರಬೇಕು.

ಎಣಿಸುವುದು ಮಕ್ಕಳು ಸೀಟಿನಲ್ಲಿ ಕೂತ ಮೇಲೆ. ತಲೆ ಮುಟ್ಟಿ ಅಥವಾ ಸೀಟಿನ ಹಿಂಬದಿ ಮುಟ್ಟಿ, ಹಿಂದಿನಿಂದ ಮುಂದಕ್ಕೆ ಎಣಿಸುತ್ತಾ ಬನ್ನಿ. ಮೊದಲು ಪ್ರತಿ ಗುಂಪಿನವರು ತಮ್ಮದನ್ನು ಎಣಿಸಿ ಹೇಳುತ್ತಾರೆ. ಆಮೇಲೆ ಹಿರಿಯ ಶಿಕ್ಷಕರು ಇಡೀ ಬಸ್ಸನ್ನು ಬೇರೆಯಾಗಿ ಎಣಿಸುತ್ತಾರೆ. ಎರಡೂ ತಾಳೆಯಾದರೆ ಮಾತ್ರ ಚಾಲಕರಿಗೆ "ರೈಟ್" ಹೇಳಬೇಕು, ಆ ಮಾತು ಹೇಳುವ ಹಕ್ಕು ಒಬ್ಬರಿಗೇ ಇರಬೇಕು. ಮಕ್ಕಳೇ "ಒಂದು, ಎರಡು" ಎಂದು ಕೂಗುವ ಪದ್ಧತಿಯನ್ನು ಚಿಕ್ಕ ತರಗತಿಗಳಿಗೆ ನಂಬಬೇಡಿ. ಪಕ್ಕದ ಗೆಳೆಯ ಇಲ್ಲದಿದ್ದರೆ ಅವನ ನಂಬರನ್ನೂ ಇವನೇ ಕೂಗಿಬಿಡುತ್ತಾನೆ, ಅದು ಅವರಿಗೆ ಸಹಾಯ ಅನ್ನಿಸುತ್ತದೆ.

ಎಲ್ಲೆಲ್ಲಿ ಎಣಿಸಬೇಕು? ಇಳಿದ ಕೂಡಲೇ, ಗೇಟು ದಾಟುವ ಮೊದಲು, ದಾಟಿದ ಮೇಲೆ, ಶೌಚಾಲಯದಿಂದ ಬಂದ ಮೇಲೆ, ಊಟಕ್ಕೆ ಕೂತಾಗ, ಊಟದಿಂದ ಎದ್ದಾಗ, ಹತ್ತಿದ ಮೇಲೆ. ಒಂದು ದಿನದಲ್ಲಿ ಹದಿನೈದು ಸಲಕ್ಕೂ ಹೆಚ್ಚಾದೀತು. ರೂಢಿಯಾದರೆ ಒಂದು ಎಣಿಕೆಗೆ ಎರಡು ನಿಮಿಷ ಬೇಕಾಗುವುದಿಲ್ಲ.

ಸಂಜೆ ಶಾಲೆಗೆ ಬಂದು ಎಲ್ಲರೂ ಇಳಿದ ಮೇಲೆ ಒಬ್ಬರು ಬಸ್ಸಿನ ಹಿಂದಿನ ಸೀಟಿನವರೆಗೆ ನಡೆದು ಸೀಟುಗಳ ಕೆಳಗೂ ನೋಡಬೇಕು. ನಿದ್ದೆ ಹೋದ ಪುಟ್ಟ ಮಗು ಸೀಟಿನಿಂದ ಜಾರಿ ಕೆಳಗೆ ಮಲಗಿರುತ್ತದೆ. ಮಗುವನ್ನು ಮನೆಯವರ ಕೈಗೆ ಕೊಟ್ಟಾಗ ಪಟ್ಟಿಯಲ್ಲಿ ಗುರುತು ಹಾಕಿ. "ನಾನೇ ಹೋಗ್ತೀನಿ ಮಿಸ್, ಮನೆ ಇಲ್ಲೇ" ಎಂದರೆ ಕಳಿಸಬೇಡಿ.

ಪ್ರಶ್ನೆ: ಮೃಗಾಲಯದಂಥ ಜನಜಂಗುಳಿಯಲ್ಲಿ ಒಂದು ಮಗು ಕಾಣದಾದರೆ ಮೊದಲ ಐದು ನಿಮಿಷದಲ್ಲಿ ಏನು ಮಾಡಬೇಕು? (ಶಿಕ್ಷಕಿ, ಕೆ.ಆರ್. ಪೇಟೆ)

ಉತ್ತರ: ಎಲ್ಲರೂ ಒಟ್ಟಿಗೆ ಹುಡುಕಲು ಓಡುವುದು ಮೊದಲ ತಪ್ಪು. ಒಂದು ಮಗುವನ್ನು ಹುಡುಕುವಾಗ ಇನ್ನೆರಡು ಮಕ್ಕಳು ಚದುರುತ್ತಾರೆ. ಗುಂಪನ್ನು ಇದ್ದಲ್ಲೇ ಕೂರಿಸಿ. ಕೂತ ಮಕ್ಕಳು ಚದುರುವುದಿಲ್ಲ, ಎಣಿಸಲೂ ಸುಲಭ. ಜೋಡಿಯ ಮಗುವನ್ನು ಕೇಳಿ: ಕೊನೆಗೆ ಎಲ್ಲಿ ನೋಡಿದೆ? ಬಾತ್‌ರೂಮಿಗೆ ಹೋಗಬೇಕು ಅಂದಿದ್ದಳಾ? ಅರ್ಧದಷ್ಟು ಉತ್ತರ ಅಲ್ಲೇ ಸಿಗುತ್ತದೆ.

ಆಮೇಲೆ ಮೂರು ದಿಕ್ಕಿಗೆ ಮೂವರು. ಒಬ್ಬರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು, ಬೇರೆ ದಾರಿಯಲ್ಲಲ್ಲ. ಒಬ್ಬರು ಹೊರಹೋಗುವ ಗೇಟಿಗೆ ಹೋಗಿ ಕಾವಲುಗಾರರಿಗೆ ಸಮವಸ್ತ್ರದ ಬಣ್ಣ, ಎತ್ತರ, ಜಡೆ ಅಥವಾ ಟೋಪಿ ಹೇಳಿ ಅಲ್ಲೇ ನಿಲ್ಲಬೇಕು. ಹಿರಿಯ ಶಿಕ್ಷಕರು ಕಚೇರಿಗೆ ತಿಳಿಸಿ ಮೈಕಿನಲ್ಲಿ ಕೂಗಿಸಬೇಕು. ಮೈಕಿನಲ್ಲಿ "ಇಂಥ ಶಾಲೆಯ ಮಗು ಇದ್ದಲ್ಲೇ ನಿಲ್ಲು, ಮಿಸ್ ಬರುತ್ತಿದ್ದಾರೆ" ಎನ್ನಿಸಿ. "ಗೇಟಿನ ಹತ್ತಿರ ಬಾ" ಎಂದರೆ ಆ ಮಗುವಿಗೆ ಗೇಟು ಯಾವ ಕಡೆ ಎಂದು ಗೊತ್ತಿರುವುದಿಲ್ಲ. ಇಷ್ಟರಲ್ಲಿ ಸಿಗದಿದ್ದರೆ 112ಕ್ಕೆ ಫೋನ್ ಮಾಡಿ, ಹಿಂಜರಿಯಬೇಡಿ. 1098 ಮಕ್ಕಳ ಸಹಾಯವಾಣಿ. ಮನೆಯವರಿಗೆ ತಿಳಿಸುವುದನ್ನೂ ಮುಂದೂಡಬೇಡಿ.

ಇದೆಲ್ಲ ಆಗುವ ಮೊದಲೇ ತರಗತಿಯಲ್ಲಿ ಮಕ್ಕಳಿಗೆ ಹೇಳಿಕೊಡಬೇಕಾದದ್ದು ಒಂದೇ ಪಾಠ: ನಾವು ಕಾಣದಿದ್ದರೆ ಹುಡುಕಬೇಡ, ಮರದಂತೆ ಅಲ್ಲೇ ನಿಲ್ಲು, ನಾವು ಬರುತ್ತೇವೆ. ಒಂದು ಸಲ ಮೈದಾನದಲ್ಲಿ ಆಟದಂತೆ ಆಡಿಸಿ ತೋರಿಸಿ.

ಕೊರಳಿನ ಕಾರ್ಡಿನಲ್ಲಿ ಶಾಲೆಯ ಹೆಸರು ಮತ್ತು ಪ್ರವಾಸದಲ್ಲಿರುವ ಇಬ್ಬರು ಶಿಕ್ಷಕರ ಮೊಬೈಲ್ ನಂಬರು ಮಾತ್ರ ಇರಲಿ. ಶಾಲೆಯ ಲ್ಯಾಂಡ್‌ಲೈನ್ ನಂಬರು ಹಾಕಿದರೆ ಆ ದಿನ ಎತ್ತುವವರೇ ಇರುವುದಿಲ್ಲ. ಮಗುವಿನ ಹೆಸರನ್ನು ಹೊರಗೆ ಕಾಣುವಂತೆ ಬರೆಯಬೇಡಿ. ಹೆಸರು ಹಿಡಿದು ಕರೆದರೆ ಯಾರನ್ನೇ ಆದರೂ ಪರಿಚಯದವರು ಎಂದು ಮಗು ನಂಬುತ್ತದೆ. ಹೆಸರು ಕಾರ್ಡಿನ ಹಿಂಬದಿಗಿರಲಿ.

ಮೈಸೂರಿನ ವಿಷಯ ಬಂದದ್ದರಿಂದ ಎರಡು ಮಾತು. ಅಲ್ಲಿನ ಮೃಗಾಲಯಕ್ಕೆ ಮಂಗಳವಾರ ರಜೆ. ದಿನಾಂಕ ನಿಗದಿ ಮಾಡುವಾಗ ಇದನ್ನು ಮರೆತು ಗೇಟಿನವರೆಗೆ ಹೋಗಿ ವಾಪಸಾಗುವ ಬಸ್ಸುಗಳು ಇವೆ. ಬೆಂಗಳೂರಿನ ಬನ್ನೇರುಘಟ್ಟಕ್ಕೂ ಮಂಗಳವಾರವೇ ರಜೆ. ಅರಮನೆಗೆ ಹೋಗುವಾಗ ಚಪ್ಪಲಿ, ಶೂ ಹೊರಗೆ ಬಿಡಬೇಕು. ನಲವತ್ತು ಜೊತೆ ಕಪ್ಪು ಶೂ ಒಂದೇ ಥರ ಇರುತ್ತವೆ, ಹೊರಬಂದಾಗ ಅರ್ಧ ಗಂಟೆ ಅದಲು ಬದಲಿನ ಗಲಾಟೆ, ಆ ಗಲಾಟೆಯಲ್ಲೇ ಗುಂಪು ಒಡೆಯುತ್ತದೆ. ಗುಂಪಿಗೊಂದು ದೊಡ್ಡ ಬಟ್ಟೆ ಚೀಲ ಒಯ್ಯಿರಿ, ಶೂಗಳ ಲೇಸನ್ನು ಜೊತೆಗೆ ಕಟ್ಟಿ ಒಂದೇ ಚೀಲಕ್ಕೆ ಹಾಕಿ, ಒಂದೇ ಟೋಕನ್ ತೆಗೆದುಕೊಳ್ಳಿ. ಶೂಗಿಂತ ಅವತ್ತು ಚಪ್ಪಲಿ ಅಥವಾ ಸ್ಯಾಂಡಲ್ ಇನ್ನೂ ಒಳ್ಳೆಯದು.

ಪ್ರಶ್ನೆ: ಬಸ್ಸಿನಲ್ಲಿ ವಾಂತಿ. ಒಬ್ಬರು ಶುರು ಮಾಡಿದರೆ ಸಾಲಾಗಿ ಎಲ್ಲರೂ! (ಶಿಕ್ಷಕಿ, ಸಕಲೇಶಪುರ)

ಉತ್ತರ: ಘಾಟಿಯ ತಿರುವುಗಳಲ್ಲಿ ಕಿವಿಯೊಳಗಿನ ಸಮತೋಲನದ ಅಂಗ "ಅಲುಗಾಡುತ್ತಿದ್ದೇವೆ" ಎನ್ನುತ್ತದೆ, ಮುಂದಿನ ಸೀಟನ್ನೇ ನೋಡುತ್ತಿರುವ ಕಣ್ಣು "ಇಲ್ಲ, ಎಲ್ಲ ನಿಂತಲ್ಲೇ ಇದೆ" ಎನ್ನುತ್ತದೆ. ಈ ಗೊಂದಲವೇ ಹೊಟ್ಟೆ ತೊಳಸಲು ಕಾರಣ. ಎರಡರಿಂದ ಹನ್ನೆರಡು ವರ್ಷದವರಲ್ಲಿ ಇದು ಹೆಚ್ಚು. ಹಾಗಾಗಿ ವಾಂತಿ ಬರುವ ಮಕ್ಕಳ ಹೆಸರನ್ನು ಮನೆಯವರಿಂದ ಮೊದಲೇ ಬರೆಸಿಕೊಂಡು ಮುಂದಿನ ಎರಡು ಮೂರು ಸಾಲುಗಳಲ್ಲಿ ಕೂರಿಸಿ, ದೂರದ ರಸ್ತೆ ನೋಡಲು ಹೇಳಿ. ಮೊಬೈಲು, ಪುಸ್ತಕ ಬೇಡ. ಹಿಂದಿನ ಸೀಟು, ಚಕ್ರದ ಮೇಲಿನ ಸೀಟು ಬೇಡವೇ ಬೇಡ.

ಖಾಲಿ ಹೊಟ್ಟೆಯಲ್ಲಿ ಹೊರಡಿಸಿದರೆ ವಾಂತಿ ಬರುವುದಿಲ್ಲ ಎಂಬ ನಂಬಿಕೆ ತಪ್ಪು. ಎಣ್ಣೆ ಪೂರಿ, ತುಂಬಾ ಹಾಲು ಬೇಡ. ಎರಡು ಇಡ್ಲಿ, ಬಾಳೆಹಣ್ಣು ಸರಿ. ವಾಂತಿ ಮಾತ್ರೆ ಕೊಡುವುದಾದರೆ ವೈದ್ಯರನ್ನು ಕೇಳಿ ಮನೆಯವರೇ ಹೊರಡುವ ಅರ್ಧ ಒಂದು ಗಂಟೆ ಮೊದಲು ಕೊಟ್ಟು ಕಳಿಸಲಿ. ಘಾಟಿ ಶುರುವಾದ ಮೇಲೆ ನುಂಗಿಸಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮನೆಯವರು ಬರೆದು ಕೊಡದ ಯಾವ ಮಾತ್ರೆಯನ್ನೂ ನೀವು ಕೊಡಬಾರದು, ಜ್ವರದ್ದೂ ಸೇರಿ.

ಒಂದು ಎಚ್ಚರಿಕೆ. ವಾಂತಿ ಬಂದಾಗ ಕಿಟಕಿಯಿಂದ ತಲೆ ಹೊರಹಾಕಲು ಬಿಡಬೇಡಿ. ಎದುರು ಬರುವ ಲಾರಿ, ರಸ್ತೆ ಬದಿಯ ಕಂಬ ಇವುಗಳಿಂದ ಆಗುವ ಅನಾಹುತ ಮತ್ತೆ ಸರಿಪಡಿಸಲಾರದಂಥದ್ದು. ನಮ್ಮಲ್ಲಿ ದೊಡ್ಡವರೇ "ಕಿಟಕಿಯಾಚೆ ಮಾಡು" ಎಂದು ಮಗುವನ್ನು ಎತ್ತಿ ಹಿಡಿಯುತ್ತಾರೆ. ಮಗುವಿಗೆ ಎರಡರಂತೆ ಚೀಲ ಇಟ್ಟುಕೊಳ್ಳಿ, ತೂತಿಲ್ಲವೇ ಎಂದು ಮೊದಲೇ ಊದಿ ನೋಡಿ. ಹಳೆ ಪೇಪರು, ಒಂದು ಚೀಲ ಮರಳು ಅಥವಾ ಬೂದಿ, ಒದ್ದೆ ಬಟ್ಟೆ ಇರಲಿ. ಮರಳು ಎರಚಿ ಪೇಪರಿನಲ್ಲಿ ಬಾಚಿದರೆ ವಾಸನೆ ತಕ್ಷಣ ಕಡಿಮೆಯಾಗುತ್ತದೆ. ಸಾಲಾಗಿ ಎಲ್ಲರಿಗೂ ಶುರುವಾಗುವುದು ಆ ವಾಸನೆಯಿಂದಲೇ.

ಪ್ರಶ್ನೆ: ನಮ್ಮ ಆರನೇ ತರಗತಿ ಮಕ್ಕಳು ಸಮುದ್ರ ನೋಡಿಲ್ಲ. ಮುರುಡೇಶ್ವರ, ಗೋಕರ್ಣಕ್ಕೆ ಕರೆದೊಯ್ಯುವ ಆಸೆ. ನೀರಿಗೆ ಬಿಡಬಾರದು ಎನ್ನುತ್ತಾರೆ. ಕಾಲು ನೆನೆಸಿಕೊಳ್ಳಲಾದರೂ ಬಿಡಬಹುದಲ್ಲವೇ? (ಮುಖ್ಯ ಶಿಕ್ಷಕರು, ಮೊಳಕಾಲ್ಮೂರು)

ಉತ್ತರ: ಬಯಲುಸೀಮೆಯ ಮಕ್ಕಳು ಮೊದಲ ಸಲ ಕಡಲು ನೋಡುವ ಸಂತೋಷ ದೊಡ್ಡದು, ಕರೆದುಕೊಂಡು ಹೋಗಿ. ಆದರೆ ನೀರಿಗೆ ಬಿಡಬೇಡಿ, ಕಾಲು ನೆನೆಸಲೂ ಬೇಡ. ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ತೀರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಅಲೆಗಳ ಪಾಲಾದರು. ಅದು ಮಳೆಗಾಲವಾಗಿರಲಿಲ್ಲ.

ಕಾಲು ನೆನೆಸುವುದು ಪಾದದಲ್ಲೇ ನಿಲ್ಲುವುದಿಲ್ಲ. ಅಲೆ ಹಿಂದಕ್ಕೆ ಹೋಗುವಾಗ ಪಾದದ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತದೆ, ನಿಂತ ಜಾಗ ಕುಸಿಯುತ್ತದೆ. ಪಾದದ ಮಟ್ಟ ಎಂದುಕೊಂಡದ್ದು ಮುಂದಿನ ದೊಡ್ಡ ಅಲೆಗೆ ಸೊಂಟದ ಮಟ್ಟ ಆಗುತ್ತದೆ. ದೊಡ್ಡವರಿಗೆ ಮೊಣಕಾಲಿನ ನೀರು ಹತ್ತು ವರ್ಷದ ಮಗುವಿಗೆ ತೊಡೆಯವರೆಗೆ. ಬಿದ್ದ ಮಗುವನ್ನು ವಾಪಸ್ ಹೋಗುವ ನೀರು ಎಳೆಯುತ್ತದೆ, ಕೈ ಹಿಡಿದಿದ್ದ ಗೆಳತಿಯೂ ಜೊತೆಗೆ ಹೋಗುತ್ತಾಳೆ. ಒಬ್ಬೊಬ್ಬರಲ್ಲ, ಕೈ ಕೈ ಹಿಡಿದ ಮಕ್ಕಳು ಒಟ್ಟಿಗೆ ಮುಳುಗುವುದು ಹೀಗೆ. ಇನ್ನೊಂದು ಮೋಸ: ಎರಡು ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಜಾಗ ಮಾತ್ರ ಶಾಂತವಾಗಿ ಕಂಡರೆ, ತೀರಕ್ಕೆ ಬಂದ ನೀರೆಲ್ಲ ಅಲ್ಲಿಂದಲೇ ವಾಪಸ್ ಕಡಲಿಗೆ ಹರಿಯುತ್ತಿರುತ್ತದೆ. ಗೊತ್ತಿಲ್ಲದವರು ಸುರಕ್ಷಿತ ಎಂದು ಆರಿಸಿಕೊಳ್ಳುವುದು ಅದನ್ನೇ.

ಹಾಗಾದರೆ ಏನು ಮಾಡಬಹುದು? ಅಲೆಯ ಒದ್ದೆ ಗುರುತು ಎಲ್ಲಿಯವರೆಗೆ ಬಂದಿದೆ ನೋಡಿ, ಅದರಿಂದ ಇಪ್ಪತ್ತು ಹೆಜ್ಜೆ ಮೇಲೆ ಒಂದು ಹಗ್ಗ ಎಳೆದು ಹಿಡಿಯಿರಿ. ಮಕ್ಕಳು ಹಗ್ಗದ ಈಚೆ. ಒಮ್ಮೆಗೆ ಒಂದೇ ಗುಂಪು ಹಗ್ಗದ ಹತ್ತಿರ, ಉಳಿದವರು ದೂರದಲ್ಲಿ ಕೂತು ಮರಳಿನ ಗೂಡು ಕಟ್ಟಲಿ, ಕಪ್ಪೆಚಿಪ್ಪು ಆರಿಸಲಿ. ಇಬ್ಬರು ದೊಡ್ಡವರು ಕಡಲಿಗೂ ಮಕ್ಕಳಿಗೂ ನಡುವೆ, ಮಕ್ಕಳ ಕಡೆ ಮುಖ ಮಾಡಿ ನಿಲ್ಲಲಿ. ಸೂರ್ಯಾಸ್ತ ನೋಡಿಸಿ, ಕತ್ತಲಾಗುವ ಮೊದಲು ಬಸ್ಸು ಹತ್ತಿಸಿ. ಮೀನುಗಾರಿಕೆ ದೋಣಿಗಳು ದಡಕ್ಕೆ ಬರುವ ಹೊತ್ತಾದರೆ ಅದನ್ನು ತೋರಿಸಿ, ಮಕ್ಕಳು ಅಲೆಯನ್ನೇ ಮರೆಯುತ್ತಾರೆ.

ಯಾರಾದರೂ ನೀರಿಗೆ ಬಿದ್ದರೆ ಶಿಕ್ಷಕರು ಹಾರಬಾರದು. ಈಜು ಬಂದರೂ ಮುಳುಗುತ್ತಿರುವವರು ಗಟ್ಟಿಯಾಗಿ ತಬ್ಬಿಕೊಂಡರೆ ಇಬ್ಬರೂ ಹೋಗುತ್ತೀರಿ. ಜೀವರಕ್ಷಕರನ್ನು ಕೂಗಿ. ಹಗ್ಗ, ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನು, ಪಂಚೆ, ದುಪಟ್ಟಾ ಏನು ಸಿಕ್ಕಿದರೂ ಎಸೆಯಿರಿ.

ಹೊಳೆಗೂ ಇದೇ ಮಾತು. ಶ್ರೀರಂಗಪಟ್ಟಣದ ಸಂಗಮ, ಬಲಮುರಿ, ಹಂಪಿಯ ತುಂಗಭದ್ರೆ, ಎಲ್ಲೇ ಆದರೂ ಕೊನೆಯ ಮೆಟ್ಟಿಲಿನ ಮೇಲೆ ಪಾಚಿ ಇರುತ್ತದೆ. ತೀರ್ಥ ಪ್ರೋಕ್ಷಣೆ ಬೇಕೆಂದರೆ ಒಬ್ಬ ಶಿಕ್ಷಕರು ತಂಬಿಗೆಯಲ್ಲಿ ತಂದು ಚಿಮುಕಿಸಲಿ. ಅಣೆಕಟ್ಟಿನ ಕೆಳಗಿನ ಹೊಳೆಪಾತ್ರಕ್ಕೆ, ನೀರು ಕಡಿಮೆ ಕಂಡರೂ, ಇಳಿಸಬೇಡಿ. 2014ರ ಜೂನ್‌ನಲ್ಲಿ ಹಿಮಾಚಲದ ಬಿಯಾಸ್ ನದಿಯಲ್ಲಿ ಬಂಡೆಗಳ ಮೇಲೆ ಫೋಟೋ ತೆಗೆಸಿಕೊಳ್ಳುತ್ತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೇಲಿನ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಕೊಚ್ಚಿಹೋದರು. ಅವರು ಕಾಲೇಜಿನವರು, ಬಲವಾಗಿದ್ದವರು.

ದೋಣಿ ಹತ್ತಿಸುವುದಾದರೆ ಪ್ರತಿ ಮಗುವಿಗೂ ಅಳತೆಗೆ ಸರಿಹೊಂದುವ ಲೈಫ್ ಜಾಕೆಟ್, ಪಟ್ಟಿ ಬಿಗಿದು, ಹತ್ತುವ ಮೊದಲೇ ಹಾಕಿಸಿ. ದೊಡ್ಡವರದನ್ನು ಮಗುವಿಗೆ ಹಾಕಿದರೆ ನೀರಿನಲ್ಲಿ ಅದು ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ. ಜಾಕೆಟ್ಟಿನ ಭುಜ ಹಿಡಿದು ಮೇಲಕ್ಕೆ ಎಳೆದು ನೋಡಿ, ಗದ್ದ ದಾಟಿ ಬಂದರೆ ಅದು ಆ ಮಗುವಿಗೆ ಆಗುವುದಿಲ್ಲ. 2024ರ ಜನವರಿ 18ರಂದು ಗುಜರಾತಿನ ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ದೋಣಿಗೆ ಹೆಚ್ಚು ಜನ ಹತ್ತಿಸಿದ್ದರು, ಹಲವು ಮಕ್ಕಳಿಗೆ ಜಾಕೆಟ್ ಇರಲಿಲ್ಲ. ಜಾಕೆಟ್ ಕಡಿಮೆ ಬಿದ್ದರೆ ಸರದಿಯಲ್ಲಿ ಹೋಗಿ. ಸರದಿಗೆ ಸಮಯವಿಲ್ಲದಿದ್ದರೆ ದೋಣಿ ಬಿಟ್ಟುಬಿಡಿ.

ಪ್ರಶ್ನೆ: ಶೌಚಾಲಯದ ತೊಂದರೆಯಿಂದ ಹೆಣ್ಣುಮಕ್ಕಳು ಇಡೀ ದಿನ ನೀರೇ ಕುಡಿಯುವುದಿಲ್ಲ. ಏನು ಮಾಡುವುದು? (ಶಿಕ್ಷಕಿ, ಸಿಂದಗಿ)

ಉತ್ತರ: ದಾರಿಯನ್ನು ನೋಡುವ ಸ್ಥಳಗಳ ಪ್ರಕಾರ ಅಲ್ಲ, ಶೌಚಾಲಯಗಳ ಪ್ರಕಾರ ಯೋಜಿಸಿ. ಎರಡು ಗಂಟೆಗೊಮ್ಮೆ ನಿಲ್ಲಲೇಬೇಕು. ಹೆದ್ದಾರಿಯ ದೊಡ್ಡ ಪೆಟ್ರೋಲ್ ಬಂಕ್, ದೊಡ್ಡ ಹೋಟೆಲ್ ಇವಕ್ಕೆ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. 40 ಮಕ್ಕಳಿಗೆ ನಾಲ್ಕು ಶೌಚಾಲಯ ಇದ್ದರೆ, ಮಗುವಿಗೆ ಎರಡು ನಿಮಿಷದಂತೆ ಇಪ್ಪತ್ತು ನಿಮಿಷ, ಹತ್ತಿ ಇಳಿಯುವುದು ಸೇರಿ ಅರ್ಧ ಗಂಟೆ. ಇದನ್ನು ವೇಳಾಪಟ್ಟಿಯಲ್ಲಿ ಸೇರಿಸಿಲ್ಲದ ಕಾರಣಕ್ಕೇ "ಬೇಗ ಬೇಗ, ಇನ್ನೂ ಎಷ್ಟು ಹೊತ್ತು" ಎಂದು ಗದರುವುದು, ಮಕ್ಕಳು ಹೋಗದೆ ತಡೆದುಕೊಳ್ಳುವುದು.

"ಯಾರಿಗೆ ಹೋಗಬೇಕು?" ಎಂದು ಕೇಳಿದರೆ ನಾಚಿಕೆಯವರು ಏಳುವುದಿಲ್ಲ. "ಎಲ್ಲರೂ ಇಳಿಯಿರಿ" ಎನ್ನಿ. ಮಕ್ಕಳು ಒಳಗೆ ಹೋಗುವ ಮೊದಲು ಒಬ್ಬ ಶಿಕ್ಷಕಿ ನೋಡಿಕೊಂಡು ಬರಲಿ: ಚಿಲಕ ಸರಿಯಿದೆಯೇ, ನೀರಿದೆಯೇ, ಒಳಗೆ ಬೇರೆ ಯಾರಾದರೂ ಇದ್ದಾರೆಯೇ. ಬಕೆಟ್, ಮಗ್, ಸೋಪು ಬಸ್ಸಿನಲ್ಲೇ ಇರಲಿ. ಐದನೇ ತರಗತಿಯಿಂದ ಮೇಲಿನ ಹೆಣ್ಣುಮಕ್ಕಳ ಪ್ರವಾಸವಾದರೆ ಪ್ಯಾಡು, ಹಳೆ ಪೇಪರು, ಒಂದೆರಡು ಜೊತೆ ಒಳಉಡುಪು, ಒಂದು ಗಾಢ ಬಣ್ಣದ ಲಂಗ ಶಿಕ್ಷಕಿಯ ಚೀಲದಲ್ಲಿರಬೇಕು, ಅದು ಅಲ್ಲಿದೆ ಎಂದು ಹುಡುಗಿಯರಿಗೆ ಹಿಂದಿನ ದಿನವೇ ಹೇಳಿರಬೇಕು. ಪ್ರವಾಸದ ದಿನವೇ ಮೊದಲ ಸಲ ಮುಟ್ಟಾಗುವ ಹುಡುಗಿ ಬಾಯಿಬಿಟ್ಟು ಕೇಳಲಾರಳು.

ಪ್ರಶ್ನೆ: ಮಧ್ಯಾಹ್ನದ ಊಟ ಮನೆಯಿಂದ ತರಿಸುವುದೋ, ಅಡುಗೆಯವರನ್ನು ಕರೆದೊಯ್ಯುವುದೋ? (ಎಸ್‌ಡಿಎಂಸಿ ಸದಸ್ಯರು, ಹೊಸದುರ್ಗ)

ಉತ್ತರ: ಒಂದು ದಿನದ ಪ್ರವಾಸಕ್ಕೆ ಮನೆಯ ಡಬ್ಬಿಯೇ ಒಳ್ಳೆಯದು. ಹುಳಿಯೂ ಎಣ್ಣೆಯೂ ಇರುವ ಪುಳಿಯೋಗರೆ, ಚಪಾತಿ ಪಲ್ಯ ಮಧ್ಯಾಹ್ನದವರೆಗೆ ನಿಲ್ಲುತ್ತವೆ. ತೆಂಗಿನತುರಿ ಹಾಕಿದ ಚಿತ್ರಾನ್ನ, ಕಾಯಿ ಚಟ್ನಿ, ಬಟಾಣಿ ಹಾಕಿದ ಪಲಾವ್ ಬಿಸಿ ಬಸ್ಸಿನಲ್ಲಿ ಹಳಸುತ್ತವೆ. ಬಿಸಿ ಅನ್ನವನ್ನು ಹಾಗೇ ಡಬ್ಬಿಗೆ ಒತ್ತಿ ಮುಚ್ಚಳ ಹಾಕಿದರೆ ಹಬೆ ಒಳಗೇ ಉಳಿದು ಇನ್ನೂ ಬೇಗ ಕೆಡುತ್ತದೆ. ತಟ್ಟೆಯಲ್ಲಿ ಹರಡಿ ಆರಿಸಿ ತುಂಬಲು ತಾಯಂದಿರಿಗೆ ಚೀಟಿಯಲ್ಲಿ ಬರೆದು ಕಳಿಸಿ. ವಾಸನೆ ಬಂದ ಡಬ್ಬಿಯನ್ನು ತಿನ್ನಿಸಬೇಡಿ, ಅಂಥ ಐದಾರು ಮಕ್ಕಳಿಗೆಂದು ಬಾಳೆಹಣ್ಣು, ಬ್ರೆಡ್ಡು ಹೆಚ್ಚುವರಿ ಇರಲಿ.

ಅಡುಗೆ ಸಿಲಿಂಡರನ್ನು ಮಕ್ಕಳ ಬಸ್ಸಿನಲ್ಲಿ ಹಾಕುವುದಂತೂ ಬೇಡ. ಪಾತ್ರೆ, ಅಕ್ಕಿಮೂಟೆಗಳನ್ನು ತುರ್ತು ಬಾಗಿಲಿಗೆ ಅಡ್ಡ ಇಡುವುದೂ ಬೇಡ.

ವಾಂತಿ, ಭೇದಿಯಾದ ಮಗುವಿಗೆ ಕುಡಿಸುವ ಓಆರ್‌ಎಸ್ ಬಗ್ಗೆ: ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಸಣ್ಣವು 200 ಮಿ.ಲೀ.ಗೆ. ಪೊಟ್ಟಣದ ಮೇಲೆ ಓದಿ ಅಷ್ಟೇ ನೀರಿಗೆ, ಪೂರ್ತಿ ಪೊಟ್ಟಣ ಹಾಕಿ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ತೊಂದರೆಯೇ ಹೆಚ್ಚುತ್ತದೆ.

ಪ್ರಶ್ನೆ: ಕೋಟೆ, ಬೆಟ್ಟಕ್ಕೆ ಹೋದಾಗ ಹೆಜ್ಜೇನು ಎದ್ದರೆ? (ಶಿಕ್ಷಕರು, ಹೊಳಲ್ಕೆರೆ)

ಉತ್ತರ: ಬಂಡೆಯ ಚಾಚು, ಗೋಪುರ, ನೀರಿನ ಟ್ಯಾಂಕು, ದೊಡ್ಡ ಮರ ಇವುಗಳಲ್ಲಿ ಹುಟ್ಟು ಇದೆಯೇ ಎಂದು ಮಕ್ಕಳನ್ನು ಇಳಿಸುವ ಮೊದಲೇ ಅಲ್ಲಿನ ಕಾವಲುಗಾರರನ್ನು ಕೇಳಿ. ಕಲ್ಲು ಎಸೆಯುವುದು, ಕೂಗಾಟ, ಹೊಗೆ, ಸೆಂಟು ಬೇಡ. ಎದ್ದರೆ ನಿಂತು ಕೈ ಬೀಸಬೇಡಿ. ಒಂದು ಹುಳ ಕಚ್ಚಿದಾಗ ಹೊರಡುವ ವಾಸನೆ ಉಳಿದವನ್ನೂ ಕರೆಯುತ್ತದೆ. ಮುಖ ಮುಚ್ಚಿಕೊಂಡು ಬಸ್ಸಿಗೋ ಬಾಗಿಲಿರುವ ಕೋಣೆಗೋ ಓಡಿಸಿ, ಕಿಟಕಿ ಮುಚ್ಚಿ. ನೀರಿಗೆ ಹಾರುವುದು ಬೇಡ. ಮುಳ್ಳನ್ನು ಉಗುರಿನಿಂದಲೋ ಕಾರ್ಡಿನ ಅಂಚಿನಿಂದಲೋ ಕೂಡಲೇ ಕೆರೆದು ತೆಗೆಯಿರಿ, ತಡವಾದಷ್ಟೂ ವಿಷ ಇಳಿಯುತ್ತದೆ. ತುಟಿ, ಕಣ್ಣು ಊದಿಕೊಂಡರೆ, ಉಸಿರು ಕಟ್ಟಿದರೆ, ಮೈತುಂಬ ದದ್ದೆದ್ದರೆ, ವಾಂತಿಯಾದರೆ ಅಥವಾ ಹತ್ತಾರು ಕಡೆ ಕಚ್ಚಿದ್ದರೆ ತಡಮಾಡದೆ 108 ಆಂಬುಲೆನ್ಸ್‌ಗೆ ಫೋನ್ ಮಾಡಿ.

ಪ್ರಶ್ನೆ: ತರಗತಿಯಲ್ಲಿ ಮೂರ್ಛೆ ರೋಗ ಇರುವ ಒಬ್ಬ ಹುಡುಗ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ಒಬ್ಬಳು ಹುಡುಗಿ ಇದ್ದಾರೆ. ಬಿಟ್ಟು ಹೋಗಲು ಮನಸ್ಸಿಲ್ಲ. (ಶಿಕ್ಷಕಿ, ಶಿರಾ)

ಉತ್ತರ: ಬಿಟ್ಟು ಹೋಗಬೇಡಿ. ಮನೆಯವರನ್ನು ಕೂರಿಸಿಕೊಂಡು ಔಷಧಿ, ಹೊತ್ತು, ಪ್ರಮಾಣ, ವೈದ್ಯರ ನಂಬರು ಬರೆಸಿಕೊಳ್ಳಿ. ಔಷಧಿ ಗುಂಪಿನ ಶಿಕ್ಷಕರ ಹೆಗಲ ಚೀಲದಲ್ಲಿರಲಿ, ಬಸ್ಸಿನ ಡಿಕ್ಕಿಯಲ್ಲಲ್ಲ.

ಹುಡುಗನ ರಾತ್ರಿ ನಿದ್ದೆ ಕೆಡದಂತೆ, ಮಾತ್ರೆ ತಪ್ಪದಂತೆ ನೋಡಿಕೊಳ್ಳಿ. ಸೆಳೆತ ಬಂದರೆ ಗಡಿಯಾರ ನೋಡಿ, ಸುತ್ತಲ ಕಲ್ಲು, ಚೂಪಾದ ವಸ್ತು ಸರಿಸಿ, ತಲೆಯ ಕೆಳಗೆ ಮೆತ್ತನೆಯದು ಇಟ್ಟು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸುವುದು, ಮೂಗಿಗೆ ಈರುಳ್ಳಿ, ಬಾಯಿಗೆ ಚಮಚ ಇವು ಯಾವುವೂ ಬೇಡ, ಕೈಕಾಲು ಅದುಮಿ ಹಿಡಿಯುವುದೂ ಬೇಡ. ಪೂರ್ತಿ ಎಚ್ಚರವಾಗುವವರೆಗೆ ನೀರು ಕುಡಿಸಬೇಡಿ. ಐದು ನಿಮಿಷ ದಾಟಿದರೆ ಅಥವಾ ಮತ್ತೆ ಬಂದರೆ 108.

ಹುಡುಗಿಯ ಊಟದ ಹೊತ್ತು ಅರ್ಧ ಗಂಟೆಯೂ ತಪ್ಪಬಾರದು. ಹೆಚ್ಚು ನಡೆದ ದಿನ ಸಕ್ಕರೆ ಇಳಿಯುತ್ತದೆ. ಬೆವರು, ನಡುಕ, ಮಂಕು, ಕಾರಣವಿಲ್ಲದ ಸಿಟ್ಟು ಕಂಡರೆ ಮೂರು ಚಮಚ ಸಕ್ಕರೆ ಕರಗಿಸಿದ ನೀರು ಕುಡಿಸಿ, ಹದಿನೈದು ನಿಮಿಷ ಕೂರಿಸಿ. ಸರಿಯಾಗದಿದ್ದರೆ ಇನ್ನೊಮ್ಮೆ. ಚೇತರಿಸಿಕೊಂಡ ಮೇಲೆ ಬಿಸ್ಕೆಟ್ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ. ಇನ್ಸುಲಿನ್ ಬಿಸಿಲಿಗೆ ಕೆಡುತ್ತದೆ, ನಿಲ್ಲಿಸಿದ ಬಸ್ಸಿನಲ್ಲಿ ಬಿಟ್ಟು ಹೋಗಬೇಡಿ.

ಪ್ರಶ್ನೆ: ರಾತ್ರಿ ಹತ್ತಕ್ಕೆ ಹೊರಟರೆ ಬೆಳಿಗ್ಗೆ ತಲುಪುತ್ತೇವೆ, ಲಾಡ್ಜ್ ಖರ್ಚು ಉಳಿಯುತ್ತದೆ ಎಂದು ಬಸ್ಸಿನವರು ಹೇಳುತ್ತಾರೆ. (ಪಾಲಕರು, ರಾಣೆಬೆನ್ನೂರು)

ಉತ್ತರ: ಒಪ್ಪಬೇಡಿ. ಬೆಳಗಿನ ಜಾವ ಎರಡರಿಂದ ಐದರವರೆಗೆ ಚಾಲಕರಿಗೆ ನಿದ್ದೆ ಒತ್ತರಿಸಿಕೊಂಡು ಬರುವ ಹೊತ್ತು. ಅದೇ ಚಾಲಕರು ಹಗಲಿಡೀ ಮಕ್ಕಳನ್ನು ಸುತ್ತಿಸಿ ಮತ್ತೆ ರಾತ್ರಿ ಓಡಿಸುತ್ತಾರೆ. ಬೆಳಿಗ್ಗೆ ಆರಕ್ಕೆ ಹೊರಟು ಕತ್ತಲಾಗುವ ಮೊದಲು ನಿಲ್ಲುವಂತೆ ದೂರ ಕಡಿಮೆ ಮಾಡಿಕೊಳ್ಳಿ. ಮಕ್ಕಳು ನೋಡಲು ಹೋದಾಗ ಚಾಲಕರಿಗೆ ಮಲಗಲು ಜಾಗ, ಹೊತ್ತಿಗೆ ಊಟ ಕೊಡುವುದು ನಿಮ್ಮ ಜವಾಬ್ದಾರಿ. ಹಿಂದಿನ ದಿನ ಬಸ್ಸು ನೋಡಿ: ಪರ್ಮಿಟ್, ಎಫ್‌ಸಿ (ಬಸ್ಸು ಓಡಲು ಯೋಗ್ಯ ಎಂಬ ಪತ್ರ), ವಿಮೆ, ಚಾಲಕರ ಲೈಸೆನ್ಸ್ ಇವುಗಳ ಫೋಟೋ ತೆಗೆದುಕೊಳ್ಳಿ, ಟೈರು ನೋಡಿ, ಬೆಂಕಿ ಆರಿಸುವ ಸಿಲಿಂಡರಿನ ಅವಧಿ ನೋಡಿ, ತುರ್ತು ಬಾಗಿಲನ್ನು ನಿಮ್ಮ ಕೈಯಿಂದಲೇ ತೆರೆದು ನೋಡಿ. ತುಕ್ಕು ಹಿಡಿದು ತೆರೆಯದಿದ್ದರೆ ಬೇರೆ ಬಸ್ಸು ಕೇಳಿ. ಇಬ್ಬರ ಸೀಟಿನಲ್ಲಿ ಮೂವರನ್ನು ಕೂರಿಸುವ ಲೆಕ್ಕದಲ್ಲಿ ಬಾಡಿಗೆ ಕಡಿಮೆ ಮಾಡಿಕೊಂಡಿದ್ದರೆ ಅದನ್ನೂ ಬಿಡಿಸಿ. ದಾರಿಯಲ್ಲಿ ಚಾಲಕರ ಹಿಂದಿನ ಸೀಟಿನಲ್ಲಿ ಒಬ್ಬ ದೊಡ್ಡವರು ಎಚ್ಚರವಾಗಿ ಕೂರಬೇಕು, ಗಂಟೆಗೊಬ್ಬರಂತೆ ಸರದಿ ಬದಲಾಯಿಸಿಕೊಳ್ಳಿ.